ಬೇಡ ಅನ್ನುವ ತಾಲೀಮು

ನಮ್ಮ ಕಡೆ ಯಾರ ಮನೆಗೆ ಹೋದರೂ ಮೊದಲು ಚಹಾ ಬೇಡ ಅನ್ನಬೇಕು. ಅದು ರಿವಾಜು. ಅವರು ಮತ್ತೆ ಕೇಳಿದಾಗಲೂ ಬೇಡ ಅನ್ನಬೇಕು. ಅಷ್ಟರಲ್ಲಿ ಒಳಗೆ ಸ್ಟೋವಿನ ಮೇಲೆ ಪಾತ್ರೆ ಏರಿಯೇ ಇರುತ್ತದೆ. ಬಂದವರು ಬೇಡ ಅಂದದ್ದನ್ನು ನಂಬಿ ಯಾರಾದರೂ ಹಾಗೇ ಕಳಿಸಿಬಿಟ್ಟರೆ ಆ ಮನೆಯವರ ಮಾನ ಹೋದಂತೆಯೇ, ಓಣಿಯವರು ವರ್ಷಗಟ್ಟಲೆ ಆಡಿಕೊಳ್ಳುತ್ತಾರೆ. ನಾನೂ ಹೀಗೆಯೇ ಬೆಳೆದವಳು. ನನ್ನ ಬಾಯಿಂದ ಬರುವ ಬೇಡಕ್ಕೆ ಕವಡೆ ಕಿಮ್ಮತ್ತಿಲ್ಲ ಎಂಬುದು ಎಂ.ಎ. ಓದುವವರೆಗೆ ಹೊಳೆದಿರಲಿಲ್ಲ.

ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷವಾಗಿತ್ತು. ಕಮಲಾಪುರದಿಂದ ಕಲಬುರಗಿಯ ವಿಶ್ವವಿದ್ಯಾಲಯಕ್ಕೆ ದಿನವೂ ಬಸ್ಸಿನಲ್ಲಿ ಹೋಗಿ ಬರುತ್ತಿದ್ದೆ. ನಮ್ಮ ಓಣಿಯಲ್ಲಿ ಅಷ್ಟು ಓದಿದ ಹುಡುಗಿ ನಾನೇ ಮೊದಲು. ನನ್ನ ಹಿಂದೆ ಪಿಯುಸಿ ಓದುವ ತಂಗಿಯಿದ್ದಳು. ನನ್ನ ಬಗ್ಗೆ ಒಂದು ಮಾತು ಬಂದರೂ ಇಬ್ಬರ ಓದೂ ಅಲ್ಲಿಗೇ ನಿಲ್ಲುತ್ತದೆ ಅನ್ನುವುದನ್ನು ಮನೆಯಲ್ಲಿ ಯಾರೂ ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ.

ಮಾತು ಬರುವಂಥ ಸಂಗತಿಯೂ ನಡೆದಿತ್ತು. ಅಪ್ಪನ ಬಾಲ್ಯದ ಗೆಳೆಯರೊಬ್ಬರು ಕಲಬುರಗಿ ಹತ್ತಿರದ ನಂದೂರಿನ ಬೇಳೆ ಮಿಲ್ಲಿನಲ್ಲಿ ಮ್ಯಾನೇಜರ್ ಆಗಿದ್ದರು. ನಾವು ಕಾಕಾ ಅನ್ನುತ್ತಿದ್ದೆವು. ಜೀಪು ತೆಗೆದುಕೊಂಡ ಮೇಲೆ ಬೆಳಿಗ್ಗೆ ನಮ್ಮ ಬಾಗಿಲಲ್ಲಿ ನಿಲ್ಲಿಸಿ, "ಹತ್ತವ್ವಾ, ಬಿಟ್ಟು ಹೋಗ್ತೀನಿ" ಅನ್ನುವರು. ಬಸ್ಸಿನ ನೂಕುನುಗ್ಗಲು ತಪ್ಪಿತೆಂದು ಅವ್ವನಿಗೆ ಖುಷಿ. ದಾರಿಯಲ್ಲಿ ಗೇರು ಬದಲಿಸುವ ಕೈ ನನ್ನ ಮೊಣಕಾಲಿನ ಮೇಲೆ ಬಂದು ಕೂರುತ್ತಿತ್ತು. ನಾನು "ಬ್ಯಾಡ್ರೀ ಕಾಕಾ" ಅನ್ನುತ್ತಿದ್ದೆ, ಅದೂ ಹಲ್ಲು ಕಿರಿದುಕೊಂಡು. ಅವರು ನಕ್ಕು ಏನಾದರೊಂದು ಅಕ್ಕರೆಯ ಮಾತು ಆಡುತ್ತಿದ್ದರು, ಕೈ ಅಲ್ಲೇ ಇರುತ್ತಿತ್ತು. ಇಳಿದ ಮೇಲೆ ನನಗೆ ಮೈಯೆಲ್ಲ ಉರಿಯುತ್ತಿತ್ತು.

ಆ ಹೊತ್ತಿಗೆ ನಮ್ಮ ವಿಭಾಗಕ್ಕೆ ಹೊಸದಾಗಿ ಬಂದ ಮೇಡಂ ಹುಡುಗಿಯರನ್ನೆಲ್ಲ ಕಂಪ್ಯೂಟರ್ ಲ್ಯಾಬಿನಲ್ಲಿ ಕೂಡಿಸಿದರು. ಯಾವುದೋ ಹೊರದೇಶದ ವಿಶ್ವವಿದ್ಯಾಲಯ ತನ್ನ ವಿದ್ಯಾರ್ಥಿನಿಯರಿಗಾಗಿ ಇಂಟರ್ನೆಟ್ಟಿನಲ್ಲಿ ಪಾಠ ಇಟ್ಟಿತ್ತಂತೆ, ಮೈಮೇಲೆ ಬರುವವರನ್ನು ತಡೆಯುವುದು ಹೇಗೆ ಅಂತ. ನಮ್ಮ ನೆಟ್ಟಿನ ವೇಗವೋ ದೇವರಿಗೇ ಪ್ರೀತಿ. ಪರದೆಯ ಮೇಲಿನ ಹೆಂಗಸು "ನೋ" ಅನ್ನಲು ಬಾಯಿ ತೆರೆದವಳು ಹಾಗೇ ನಿಂತುಬಿಡುವಳು. ನಾವು ಹೊಟ್ಟೆ ಹಿಡಿದುಕೊಂಡು ನಗುವೆವು. ಆ ಬಿಡುವಿನಲ್ಲಿ ಮೇಡಂ ಅದನ್ನೇ ಕನ್ನಡದಲ್ಲಿ ಬಿಡಿಸಿ ಹೇಳುವರು.

ಕತ್ತಲೆ ಗಲ್ಲಿಯ ಗೂಂಡಾನ ಕತೆ ಇರಬೇಕು ಅಂದುಕೊಂಡಿದ್ದೆ. ಚಿತ್ರದಲ್ಲಿ ಬಂದವನು ಸೋಫಾದ ಮೇಲೆ ಆರಾಮಾಗಿ ಕೂತ, ಆ ಹುಡುಗಿಗೆ ಚೆನ್ನಾಗಿ ಪರಿಚಯವಿದ್ದ ಮನುಷ್ಯ.

"ಗುರ್ತಿಲ್ಲದವಗ ಚಪ್ಪಲಿ ತೋರಸ್ತೀರಿ. ಗುರ್ತಿದ್ದವಗ ಏನ್ ತೋರಸ್ತೀರಿ?" ಮೇಡಂ ಕೇಳಿದರು. "ತಪ್ಪು ಮಾಡ್ದವಂದು, ನಿಮ್ದಲ್ಲ. ಮೊದಲ ಇದನ್ನ ತಲ್ಯಾಗ ಇಟ್ಕೋರಿ."

ಮನೆಗೆಲಸವನ್ನೂ ಕೊಟ್ಟರು. ಯಾವುದಾದರೂ ಸಣ್ಣ ವಿಷಯಕ್ಕೆ, ನಗದೆ, ಕಾರಣ ಕೊಡದೆ, ಬೇಡ ಅಂದು ಬರಬೇಕು.

ಅವತ್ತೇ ಕಲಬುರಗಿಯ ಖೂಬಾ ಪ್ಲಾಟ್ ಬಡಾವಣೆಯಲ್ಲಿದ್ದ ಗೆಳತಿಯ ಮನೆಗೆ ಹೋದೆ. ಮರಾಠಿ, ಕನ್ನಡ ಎರಡನ್ನೂ ಕಲಸಿ ಮಾತಾಡುವ ಮನೆ ಅದು. ಅವಳ ತಾಯಿಗೆ ನಾನು ಕಾಕು ಅನ್ನುತ್ತಿದ್ದೆ. ಕಾಕು ತಟ್ಟೆ ತುಂಬ ಚುರುಮುರಿ ಸುಸಲಾ ಕೊಟ್ಟು, ಅದು ಒಂದಿಷ್ಟು ಇಳಿಯುವಷ್ಟರಲ್ಲೇ ಮತ್ತೆ ಸೌಟು ಹಿಡಿದು ಬಂದರು.

"ಬ್ಯಾಡ" ಅಂದೆ. ನಗಲಿಲ್ಲ, ಹೊಟ್ಟೆ ತುಂಬಿದೆ ಅಂತಲೂ ಹೇಳಲಿಲ್ಲ.

ಕಾಕು ಸೌಟು ಹಿಡಿದವರು ಹಾಗೇ ನಿಂತರು. "ಯಾಕವ್ವಾ, ಉಪ್ಪು ಹೆಚ್ಚಾಗ್ಯಾದೇನು?" ಅಂದಾಗ ಅವರ ದನಿ ಅಳುವ ಹಾಗಿತ್ತು. ಗೆಳತಿ ಬಿದ್ದು ಬಿದ್ದು ನಕ್ಕು, ಲ್ಯಾಬಿನ ಪಾಠದ ಸಂಗತಿಯನ್ನೆಲ್ಲ ಹೇಳಿದಳು. ಕಾಕು ಸೆರಗು ಸಿಕ್ಕಿಸಿ ಎದುರಿಗೇ ಕೂತರು.

"ಹಂಗಾರ ನನ್ನ ಕೂಡ ಆಡ್ರಿ. ಚಹಾ ಕುಡೀಲಾರ್ದೆ ಈ ಮನ್ಯಾಗಿಂದ ಯಾರು ಹೋಗ್ತೀರಿ, ನೋಡೇ ಬಿಡ್ತೀನಿ!"

ಅಲ್ಲಿಂದ ನಮ್ಮ ತಾಲೀಮು ಶುರುವಾಯಿತು. ಒತ್ತಾಯದಲ್ಲಿ ಕಾಕು ದೊಡ್ಡ ಪೈಲ್ವಾನರು. "ನಿಮ್ಮವ್ವ ಕೊಟ್ರ ಬ್ಯಾಡಂತಿದ್ಯಾ?" "ನಾ ಏನ್ ಹೊರಗಿನಾಕೇನು?" "ಕುಡೀಲಿಲ್ಲಂದ್ರ ನನ್ನಾಣಿ!" ಯಾವುದಕ್ಕೂ ಬಗ್ಗದಿದ್ದರೆ ಮುಖ ಊದಿಸಿಕೊಂಡು, "ಹೋಗ್ಲಿ ಬಿಡು, ನಮ್ಮನಿ ಚಹಾ ನಿಂಗೆಲ್ಲಿ ರುಚಿ ಹತ್ತಬೇಕು." ಮೊದಮೊದಲು ನಾನು ಆಣೆಗೇ ಸೋತು ಕಪ್ಪು ಎತ್ತಿಕೊಳ್ಳುತ್ತಿದ್ದೆ. ಗೆಳತಿಯಂತೂ ತಾಯಿ ಮುಖ ಊದಿಸುವ ಮುಂಚೆಯೇ ಎರಡು ಗುಟುಕು ಕುಡಿದಿರುತ್ತಿದ್ದಳು.

ಹೀಗೆ ಆಡುತ್ತಿರುವಾಗ ಒಂದು ಸಂಜೆ, ಕಾಕು "ನಾ ಏನ್ ಹೊರಗಿನಾಕೇನು" ಅಂದದ್ದೇ ನನಗೆ ಕಾಕಾ ನೆನಪಾದರು. ಜೀಪಿನಲ್ಲಿ ಆ ಮನುಷ್ಯ ಆಡುತ್ತಿದ್ದದ್ದೂ ಇದೇ ಮಾತು. ನಮ್ಮ ಮನೆಗಳ ಅಕ್ಕರೆಯ ಮಾತನ್ನು ಕದ್ದು ತಂದು ನನ್ನ ಮೇಲೆ ಪ್ರಯೋಗಿಸುತ್ತಿದ್ದ. ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಕಾಕುವಿನ ಮುಂದೆ ಎಲ್ಲವನ್ನೂ ಹೇಳಿಬಿಟ್ಟೆ.

ಕಾಕು ನನ್ನ ತಲೆ ಸವರಿದರು. "ಅವ ಏನೇನಂತಾನ, ಎಲ್ಲಾ ಹೇಳು. ನಾ ಅವನಂಗ ಅಂತೀನಿ, ನೀ ಜವಾಬು ಕೊಡು." ಅವತ್ತು ಕಪ್ಪಿನಲ್ಲಿದ್ದ ಚಹಾ ಆರಿ ಕೆನೆಗಟ್ಟಿತು, ಯಾರೂ ಕುಡಿಯಲಿಲ್ಲ.

ಮರುದಿನ ಬೆಳಿಗ್ಗೆ ಜೀಪು ಬಂದು ನಿಂತಿತು. ಅಪ್ಪ ಕಟ್ಟೆಯ ಮೇಲೆ ಪೇಪರ್ ಓದುತ್ತಿದ್ದರು. ಅವ್ವ ಬಾಗಿಲಲ್ಲಿ ಕೂತು ತಂಗಿಯ ಹೆರಳು ಹಾಕುತ್ತಿದ್ದಳು.

"ಹತ್ತವ್ವಾ."

"ನಾ ಬರಂಗಿಲ್ಲ."

"ನಾಚ್ತಾಳ ನೋಡು! ನಾ ಏನ್ ಹೊರಗಿನವನೇನು?"

ಕಾಕುವೇ ಜೀಪಿನಲ್ಲಿ ಕೂತಿದ್ದಾರೆ ಅನಿಸಿ ನನಗೆ ಅಂಥದ್ದರಲ್ಲೂ ನಗು ಬರುವುದರಲ್ಲಿತ್ತು. "ಬರಂಗಿಲ್ಲ" ಅಂದೆ.

"ನಿಮ್ಮಪ್ಪನ ಮುಂದ ನನ್ನ ಮಾತು ತಗದು ಹಾಕ್ತೀ? ಹತ್ತು, ನನ್ನಾಣಿ."

"ಹಿರೇರು ಅಷ್ಟು ಅನ್ಲಾಕತ್ತಾರ, ಹೋಗಬಾರ್ದೇನ?" ಅವ್ವ ಕೂತಲ್ಲಿಂದಲೇ ಅಂದಳು.

"ಜೀಪಿನ್ಯಾಗ ಇವರು ನನ್ನ ಕಾಲ್ ಮ್ಯಾಲ ಕೈ ಇಡ್ತಾರ. ಬ್ಯಾಡಂದ್ರೂ ತಗಿಯಂಗಿಲ್ಲ. ಇನ್ನ ನಾ ಹತ್ತಂಗಿಲ್ಲ."

ನನ್ನ ದನಿ ಎದುರು ಮನೆಯವರಿಗೂ ಕೇಳಿಸಿರಬೇಕು. ಆ ಮನುಷ್ಯ ನಗಲು ನೋಡಿದ, "ಮಗಳಿದ್ದಂಗ..." ಅಂತ ಏನೋ ತೊದಲಿದ. ಅಪ್ಪ ಪೇಪರ್ ಮಡಚಿಟ್ಟು ಕಟ್ಟೆಯಿಂದ ಇಳಿದು ಬಂದು ಜೀಪಿಗೂ ನನಗೂ ನಡುವೆ ನಿಂತರು. "ನೀ ನಡಿ. ಇನ್ನ ಈ ಕಡಿ ಬರಬ್ಯಾಡ" ಅಂದರು. ಜೀಪು ಹೋಯಿತು.

ಇನ್ನು ಮನೆಯಲ್ಲೇ ಇರು ಅನ್ನುತ್ತಾರೆ, ನನ್ನ ಓದು ಮುಗಿಯಿತು, ತಂಗಿಯದೂ ಮುಗಿಯಿತು ಅಂದುಕೊಂಡೆ.

"ಹಿಂಗ ಮಾತಾಡೋದು ಎಲ್ಲಿ ಕಲ್ತಿ?" ಅವ್ವ ಕೇಳಿದಳು.

ಸುಳ್ಳು ಹೇಳಲು ಬಾಯಿ ಬರಲಿಲ್ಲ. "ಯುನಿವರ್ಸಿಟ್ಯಾಗ ಕಲಸ್ಯಾರ" ಅಂದೆ.

ಅವ್ವ ಹೆರಳು ಅರ್ಧಕ್ಕೇ ಬಿಟ್ಟು, ತಂಗಿಯ ರಟ್ಟೆ ಹಿಡಿದು ಎಬ್ಬಿಸಿ ನನ್ನ ಕಡೆ ದೂಡಿದಳು.

"ಬಸ್ಸಿನ ಟೈಮ್ ಆಗ್ಯಾದ. ಇಕೀನೂ ಕರ್ಕೊಂಡು ಹೋಗು. ಇಕೀಗೂ ಕಲಸ್ರೀ ಅಂತ ಹೇಳು."