ನಿರಂಜನನ ಹಳದಿ ಗೀಟು

ನನ್ನ ಭಾವಮೈದ ನಿರಂಜನ ರೈಲು ಎಂಜಿನ್ ಕಟ್ಟುತ್ತಾನೆ ಎಂದರೆ ಬಣಕಲ್ ಕಡೆಯವರು ಮೊದಲು ನಗುತ್ತಾರೆ. ನಮ್ಮವರು ರೈಲು ನೋಡಬೇಕಾದರೂ ಸಕಲೇಶಪುರಕ್ಕೆ ಹೋಗಬೇಕು. ಅಂಥ ಸೀಮೆಯವನು ದೇಶದ ಇನ್ನೊಂದು ತುದಿಯ ಸರ್ಕಾರಿ ಕಾರ್ಖಾನೆಯಲ್ಲಿ ಹದಿನೆಂಟು ವರ್ಷದಿಂದ ವಿದ್ಯುತ್ ಎಂಜಿನ್ನುಗಳ ಅಡಿಯಲ್ಲಿ ಮಲಗಿ ಬೋಲ್ಟು ಬಿಗಿಯುತ್ತಿದ್ದಾನೆ. ಚಕ್ರ ತಿರುಗಿಸುವ ಮೋಟರುಗಳನ್ನು ಎಂಜಿನ್ನಿಗೆ ಕೂರಿಸುವುದು ಅವನ ಕೆಲಸ. ಒಂದೊಂದು ಮೋಟರೂ ಒಂದೊಂದು ಆನೆಮರಿಯಷ್ಟು ತೂಕವಂತೆ. ಅವನೇ ಹೇಳಿದ್ದು, ನಾನೇನು ತೂಗಿ ನೋಡಿಲ್ಲ.

ಅವನು ಹುಟ್ಟಿ ಬೆಳೆದದ್ದು ಕುದುರೆಮುಖದಲ್ಲಿ. ಅಪ್ಪ ಗಣಿ ಕಂಪನಿಯಲ್ಲಿ ಎಲೆಕ್ಟ್ರಿಷಿಯನ್. ಕಂಪನಿಯ ಕ್ವಾರ್ಟರ್ಸು, ಕಂಪನಿಯ ಸ್ಕೂಲು, ಕಂಪನಿಯ ಸೈರನ್ನು. ಇವನು ಐಟಿಐ ಮುಗಿಸಿ ಅಲ್ಲೇ ಅಪ್ರೆಂಟಿಸ್ ಆಗಿ ಸೇರಿ ವರ್ಷ ತುಂಬುವುದರೊಳಗೆ ಗಣಿ ನಿಂತಿತು. ಅಕ್ಕಪಕ್ಕದ ಮನೆಯವರು ವಾರಕ್ಕೊಬ್ಬರಂತೆ ಲಾರಿಗೆ ಮಂಚ, ಗೋಡ್ರೇಜ್ ಬೀರು ಏರಿಸಿಕೊಂಡು ಘಟ್ಟ ಇಳಿದು ಹೋದದ್ದನ್ನು ಅವನು ಗೇಟಿನ ಹತ್ತಿರ ನಿಂತು ನೋಡಿದ್ದಾನೆ. ಆ ಹೆದರಿಕೆ ಅವನನ್ನು ಬಿಟ್ಟೇ ಇಲ್ಲ. ರಜಕ್ಕೆ ಬಂದಾಗಲೆಲ್ಲ, "ಭಾವ, ಸರ್ಕಾರ ನಮ್ಮ ಕಾರ್ಖಾನೆ ಮುಚ್ಚಲಿಕ್ಕಿಲ್ಲ ಅಲ್ವಾ?" ಎಂದು ನನ್ನನ್ನು ಕೇಳುತ್ತಾನೆ. ನಾನು ಕಾಫಿ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್. ದೆಹಲಿಯವರು ನನ್ನನ್ನು ಕೇಳಿಯೇ ಎಲ್ಲ ಮಾಡುತ್ತಾರೆ ಎಂದುಕೊಂಡಿದ್ದಾನೋ ಏನೋ.

ಈ ಜನವರಿಯಲ್ಲಿ ನಮ್ಮ ಮಗಳು ಭಾವನಾಳ ನಿಶ್ಚಿತಾರ್ಥಕ್ಕೆ ಎರಡು ದಿನ ಮೊದಲೇ ಬಂದ. ಅಪರೂಪಕ್ಕೆ ನಗುತ್ತಾ ಬಂದ. ಸೂಪರ್‌ವೈಸರ್ ಬಡ್ತಿಯ ಪಟ್ಟಿಯಲ್ಲಿ ಅವನ ಹೆಸರಿತ್ತು. ತಿಂಗಳ ಕೊನೆಗೆ ಆರ್ಡರ್. ಇನ್ನು ಎಂಜಿನ್ನಿನ ಅಡಿಗೆ ನುಸುಳಬೇಕಿಲ್ಲ. ನನ್ನ ಹೆಂಡತಿ ಅಂಬುಜಾ ತಮ್ಮನಿಗೆ ದೃಷ್ಟಿ ತೆಗೆದದ್ದೇ ತೆಗೆದದ್ದು.

ಆ ಸಂಜೆ ಹಣ್ಣು ತೂಗುವ ಹೊತ್ತಿಗೆ ಅವನೂ ನನ್ನ ಜೊತೆ ಎಸ್ಟೇಟಿನ ಕಣಕ್ಕೆ ಬಂದ. ಆಳುಗಳು ದಿನವಿಡೀ ಕುಯ್ದ ಕಾಫಿ ಹಣ್ಣಿನ ಮೂಟೆಗಳನ್ನು ಸಾಲಾಗಿ ಇಟ್ಟಿದ್ದರು. ಒಂದು ಮೂಟೆ ತೂಗಬೇಕು, ತೂಕ ಬರೆದುಕೊಳ್ಳಬೇಕು, ತೂಗಿ ಆಯಿತು ಎಂದು ಅದಕ್ಕೆ ಸುಣ್ಣದ ಗುರುತು ಹಾಕಬೇಕು, ಆಮೇಲೆ ಇನ್ನೊಂದು ಎತ್ತಬೇಕು. ಇದು ಪದ್ಧತಿ. ಸುಣ್ಣ ಮುಟ್ಟಿದ ಕೈಯಲ್ಲೇ ಪದೇ ಪದೇ ಪೆನ್ನು ಹಿಡಿಯುವ ರಗಳೆ ಯಾರಿಗೆ ಬೇಕು ಎಂದು ನಾನು ಸಾಲಿಗೆಲ್ಲ ಒಂದೇ ಸಲ ಗುರುತು ಹಾಕಿಬಿಡುತ್ತೇನೆ, ಕೈ ತೊಳೆದುಕೊಂಡು ಆಮೇಲೆ ತೂಗುತ್ತೇನೆ. ವರ್ಷಗಳಿಂದ ನಡೆದುಬಂದ ಜಾಣತನ.

"ಭಾವ, ಗುರುತು ಹಾಕಿದ್ರಿ, ಇನ್ನೂ ತೂಗಿಲ್ವಲ್ಲ?" ಎಂದ ನಿರಂಜನ.

"ತೂಗ್ತೀನಿ ಮಾರಾಯ. ಮೂಟೆ ಎಲ್ಲಿಗೆ ಓಡಿ ಹೋಗ್ತದೆ?"

"ನಡುವೆ ಯಾರಾದ್ರೂ ಕರೆದ್ರೆ?"

ಕೇಳಿದವನ ಮುಖ ಬಿಳಿಚಿಕೊಂಡಿತು. ಕಣದ ಕಟ್ಟೆಯ ಮೇಲೆ ಕುಕ್ಕರಿಸಿದ. ಆಳುಗಳೆಲ್ಲ ಹೋದಮೇಲೆ ಬಾಯಿ ಬಿಟ್ಟ.

ಅವರಲ್ಲೂ ಹೀಗೇ ಒಂದು ಗುರುತಿದೆಯಂತೆ. ಬಿಗಿತ ಸಾಕಾದಾಗ 'ಟಕ್' ಎನ್ನುವ ಪಾನ, ಅಂದರೆ ಸ್ಪ್ಯಾನರ್, ಇರುತ್ತದೆ. ಆ ಸದ್ದು ಬಂದಮೇಲೆ ಬೋಲ್ಟಿನ ತಲೆಯಿಂದ ಪಕ್ಕದ ಕಬ್ಬಿಣದವರೆಗೆ ಹಳದಿ ಬಣ್ಣದಲ್ಲಿ ಒಂದು ಗೀಟು ಎಳೆಯಬೇಕು. ಒಂದು ಬಿಗಿ, ಒಂದು ಗೀಟು. ಪರೀಕ್ಷೆಗೆ ಬರುವವರು ಗೀಟು ನೋಡಿ ಮುಂದೆ ಹೋಗುತ್ತಾರೆ. ರಜೆಯ ಹಿಂದಿನ ದಿನ ಡಬ್ಬಿಯ ಬಣ್ಣ ಒಣಗುತ್ತಿದೆ ಎಂದು ಇವನು ಒಂದು ಮೋಟರಿನ ಎಂಟು ಬೋಲ್ಟಿಗೂ ಮೊದಲೇ ಗೀಟು ಎಳೆದ. ಬಿಗಿಯುತ್ತಾ ಬಂದ. ನಡುವೆ ಯಾರೋ, "ನಿನ್ನ ರಜೆ ಚೀಟಿಗೆ ಸಹಿ ಹಾಕು ಬಾ" ಎಂದು ಕೂಗಿದರು. ಹೋಗಿ ಬಂದ. ಎಂಟಕ್ಕೂ ಗೀಟು ಕಾಣಿಸಿತು. ಪಾನ ಒಪ್ಪಿಸಿ ರೈಲು ಹತ್ತಿದ.

"ಕೊನೇದು ಬಿಗಿದ್ನೋ ಇಲ್ವೋ ನೆನಪೇ ಆಗ್ತಿಲ್ಲ ಭಾವ. ನಾಡಿದ್ದು ಸಂಜೆ ಆ ಎಂಜಿನ್ ಕಾರ್ಖಾನೆ ಗೇಟು ದಾಟ್ತದೆ."

ನಾನು ಕೊಟ್ಟ ಬುದ್ಧಿವಾದವನ್ನು ಮುಚ್ಚಿಡುವುದಿಲ್ಲ. "ಸುಮ್ನಿರು. ಹದಿನೆಂಟು ವರ್ಷದ ಕೈ ತಾನಾಗೇ ಬಿಗಿದಿರ್ತದೆ. ಬಾಯಿ ಬಿಟ್ಟರೆ ಬಡ್ತಿ ಹೋಗ್ತದೆ, ಕೆಲಸಕ್ಕೇ ಕುತ್ತು ಬಂದ್ರೂ ಬಂತು. ಇಲ್ಲದ ಹಾವನ್ನ ಮೈಮೇಲೆ ಬಿಟ್ಕೊಬೇಡ," ಎಂದೆ. ಅವನು ತಲೆಯಾಡಿಸಿದ. ಕೆಲಸ ಹೋಗುವುದು ಎಂದರೇನೆಂದು ಅವನಿಗೆ ನಾನು ಹೇಳಿಕೊಡಬೇಕೇ? ಅಲ್ಲಿ ಕ್ವಾರ್ಟರ್ಸಿನಲ್ಲಿ ಹೆಂಡತಿ ಇದ್ದಾಳೆ, ಪಿಯುಸಿ ಓದುವ ಮಗಳು ಗಾನವಿ ಇದ್ದಾಳೆ.

ಮರುದಿನವೆಲ್ಲ ಅವನ ಬಲಗೈ ಸುಮ್ಮನಿರಲಿಲ್ಲ. ಚಪ್ಪರ ಕಟ್ಟುವಾಗ, ಕಾಫಿ ಕುಡಿಯುವಾಗ, ಗಾಳಿಯಲ್ಲೇ ಪಾನ ತಿರುಗಿಸುವುದು, ಎಣಿಸುವುದು. ಏಳಕ್ಕೆ ನಿಲ್ಲುತ್ತಿದ್ದ. ಮತ್ತೆ ಒಂದರಿಂದ ಶುರು. ಅಂಬುಜಾ, "ಇವನಿಗೆಂಥ ಆಯ್ತು?" ಎಂದು ಕೇಳಿದಾಗ ನಾನು ಪ್ರಯಾಣದ ಸುಸ್ತು ಎಂದು ಸುಳ್ಳು ಹೇಳಿದೆ. ನಿಜ ಹೇಳಬೇಕೆಂದರೆ ನನಗೂ ಅನ್ನ ಸೇರಲಿಲ್ಲ.

ನಿಶ್ಚಿತಾರ್ಥ ಚೆನ್ನಾಗಿಯೇ ಆಯಿತು. ಊಟಕ್ಕೆ ಕುಳಿತಾಗ ಬೀಗರಾಗುವ ಓಂಕಾರಪ್ಪನವರು ನಿರಂಜನನ ಪಕ್ಕದ ಎಲೆಗೇ ಬಂದರು. ಒಳ್ಳೆಯ ಮನುಷ್ಯ, ಮಾತು ಸ್ವಲ್ಪ ಜಾಸ್ತಿ.

"ಮದುವೆ ಆದ್ಮೇಲೆ ಮಕ್ಕಳನ್ನ ಕರ್ಕೊಂಡು ಕಾಶಿಗೆ ರೈಲಲ್ಲೇ ಹೋಗದು ಅಂತಿದೀವಿ. ನೀವು ಕಟ್ಟಿದ ಎಂಜಿನ್ನೇ ನಮ್ಮನ್ನ ಎಳ್ಕೊಂಡು ಹೋದ್ರೂ ಹೋದೀತು, ಅಲ್ವಾ?" ಎಂದು ನಕ್ಕರು.

ಪಾಯಸ ಬಡಿಸುತ್ತಿದ್ದರು. ನಿರಂಜನ ಎಲೆ ಮುಂದಿನಿಂದ ಎದ್ದ. ಪಂಕ್ತಿಯ ನಡುವೆ ಎದ್ದು ಹೋಗುವುದು ನಮ್ಮಲ್ಲಿ ಎಂಥ ಅವಮಾನ ಎಂದು ಅವನಿಗೆ ಗೊತ್ತಿಲ್ಲದ್ದೇನಲ್ಲ. ಓಂಕಾರಪ್ಪನವರ ಕೈಯ ತುತ್ತು ಹಾಗೇ ನಿಂತಿತು. ನಾನು ಏನೋ ಸಮಜಾಯಿಷಿ ಹೇಳಿ ಅವನ ಹಿಂದೆ ಓಡಿದೆ.

ನಮ್ಮ ಮನೆಯಲ್ಲಿ ಫೋನಿಗೆ ಸಿಗ್ನಲ್ ಇಲ್ಲ. ಹೆದ್ದಾರಿಯ ಬಸ್ ನಿಲ್ದಾಣಕ್ಕೇ ಹೋಗಬೇಕು. ಅವನು ತೊಳೆಯದ ಕೈಯಲ್ಲೇ ಅಲ್ಲಿಗೆ ಹೋಗಿ ನಿಂತು ಕಾರ್ಖಾನೆಗೆ ಫೋನ್ ಮಾಡುತ್ತಿದ್ದ. ಎದುರಿಗೆ ಬಂದ ಬಸ್ಸಿನ ಹಾರ್ನಿಗಿಂತ ಜೋರಾಗಿ, ಹಿಂದಿಯಲ್ಲಿ, ತಪ್ಪು ನನ್ನದು ಎಂದು ಎರಡು ಸಲ ಹೇಳಿದ. ಅಷ್ಟು ಹಿಂದಿ ನನಗೂ ಬರುತ್ತದೆ. ಎಂಜಿನ್ ನಂಬರು, ಮೋಟರಿನ ನಂಬರು ಹೇಳಿ ಇಟ್ಟ. ಪರೀಕ್ಷೆ ಮಾಡಿ ಹೇಳುತ್ತೇವೆ ಎಂದರಂತೆ.

ಅರ್ಧ ಗಂಟೆ ಕಾದೆವು. ದೇವರೇ, ಎಂಟೂ ಗಟ್ಟಿ ಇರಲಿ ಎಂದು ನಾನು ಹರಕೆ ಹೊತ್ತೆ. ಅವನ ಒಳ್ಳೆಯದಕ್ಕೆ ಎಂದುಕೊಂಡಿದ್ದೆ. ಈಗ ಯೋಚಿಸಿದರೆ, ನಾನು ಹೇಳಿದ್ದೇ ಸರಿ ಎಂದಾಗಲಿ ಎನ್ನುವ ಆಸೆಯೂ ಅದರಲ್ಲಿತ್ತು.

ಫೋನ್ ಬಂತು. ಅವನು ಬರೀ "ಹಾಂ ಜೀ, ಹಾಂ ಜೀ" ಎಂದ. ಜೇಬಿಗೆ ಹಾಕಿಕೊಂಡ.

"ಏಳು ಗಟ್ಟಿ ಇತ್ತಂತೆ ಭಾವ. ಎಂಟನೇದು ಬರಿಗೈಯಲ್ಲೇ ತಿರುಗ್ತಂತೆ."

ಹೆದ್ದಾರಿಯ ಬದಿಯಲ್ಲಿ ಅವನು ಅಳುತ್ತಾ ನಿಂತಿದ್ದ, ನಾನು ರೇಷ್ಮೆ ಶಲ್ಯದಲ್ಲಿ ಮುಖ ಒರೆಸಿಕೊಳ್ಳುತ್ತಾ ನಿಂತಿದ್ದೆ. ನೋಡಿದವರು ಹೆಣ್ಣಿನ ಕಡೆಯವರಿಗೆ ಏನಾಯಿತಪ್ಪ ಎಂದುಕೊಂಡಿರಬೇಕು.

"ಬಡ್ತಿ?" ಎಂದೆ.

"ಪಟ್ಟಿಯಿಂದ ಹೆಸರು ತೆಗೀತಾರೆ. ವಿಚಾರಣೆ ಆಗ್ತದೆ. ಆಮೇಲೆ ಎಂಥದೋ ಗೊತ್ತಿಲ್ಲ." ಕಣ್ಣೊರೆಸಿಕೊಂಡು, "ಪಾಯಸ ಉಳಿದಿದ್ಯಾ ಭಾವ? ಹಸಿವಾಗ್ತಿದೆ," ಎಂದ.

ಆ ಸಂಜೆಯೂ ಎಸ್ಟೇಟಿನಲ್ಲಿ ಕುಯ್ಲು ಇತ್ತು. ಶಲ್ಯ ತೆಗೆದಿಟ್ಟು ಕಣಕ್ಕೆ ಹೋದೆ. ಕರೆಯದಿದ್ದರೂ ನಿರಂಜನ ಬಂದ. ಒಂದು ಮೂಟೆ ತೂಗಿದೆ, ಬರೆದೆ, ಸುಣ್ಣ ಹಚ್ಚಿದೆ, ಕೈ ಒರೆಸಿಕೊಂಡೆ. ಇನ್ನೊಂದು ಎತ್ತಿಸಿದೆ.

ಸಾಲಿನ ಕೊನೆಯಲ್ಲಿ ಕಾಯುತ್ತಿದ್ದ ಆಳು ತುಂಗಮ್ಮ ಗೊಣಗಿದಳು: "ಎಂಥ ರೈಟ್ರೇ, ಇವತ್ತು ಒಂದೊಂದೇ? ಕತ್ತಲಾಗ್ತದೆ."

"ಆಗ್ಲಿ," ಎಂದೆ.

ನಿರಂಜನ ನನ್ನ ಕೈಯಿಂದ ಸುಣ್ಣದ ಡಬ್ಬಿ ತೆಗೆದುಕೊಂಡು, ಪ್ರತಿ ಮೂಟೆ ತೂಗಿ ಮುಗಿಯುವವರೆಗೂ ಕೊಡದೆ ಹಿಡಿದು ನಿಂತ.