ಭಾನುವಾರದ ಕನ್ನಡ ಮೇಡಂ

ನಮ್ಮ ಜಿಲ್ಲೆಯ ಕನ್ನಡ ಅಧ್ಯಾಪಕರಲ್ಲಿ ವ್ಯಾಕರಣ ಬಲ್ಲವರು, ಹಳಗನ್ನಡ ಬಲ್ಲವರು ಹಲವರಿದ್ದಾರೆ. ಆದರೆ ಕನ್ನಡವೇ ತಿಳಿಯದ ದೊಡ್ಡವರಿಗೆ ಮಾತು ಕಲಿಸುವುದರಲ್ಲಿ ಶ್ರೀಮತಿ ಜಮೀಲುನ್ನೀಸಾ ಅವರಿಗೆ ಸಮನಾದವರನ್ನು ನಾನು ಕಂಡಿಲ್ಲ. ಕಳಸದ ಜೀಪ್ ಮೆಕ್ಯಾನಿಕ್ ಒಬ್ಬರ ಮಗಳಾಗಿ ಹುಟ್ಟಿ, ಮನೆಯಲ್ಲಿ ಉರ್ದುವನ್ನೂ ಬೀದಿಯಲ್ಲಿ ಕನ್ನಡವನ್ನೂ ಕಲಿತ ಅವರು, ಮೊದಲು ಮೂಡಿಗೆರೆಯಲ್ಲಿ, ಅನಂತರ ಚಿಕ್ಕಮಗಳೂರಿನ ನಮ್ಮ ಪ್ರೌಢಶಾಲೆಯಲ್ಲಿ ಸೇವೆ ಸಲ್ಲಿಸಿ ಈ ವರ್ಷ ನಿವೃತ್ತರಾಗಿದ್ದಾರೆ. ಹೆರಿಗೆ ರಜೆ ಮುಗಿಸಿ ಬಂದ ನಾನು ನಿಲ್ಲಲಾರದೆ ಬಳಲುತ್ತಿದ್ದಾಗ, ನನ್ನ ಕೊನೆಯ ಪೀರಿಯಡ್‌ಗಳನ್ನು ಯಾರಿಗೂ ಹೇಳದೆ ತಾವೇ ತೆಗೆದುಕೊಂಡವರು ಅವರು.

ಜೈಲಿನ ಮಹಿಳಾ ವಿಭಾಗದಲ್ಲಿ ಭಾನುವಾರ ಪಾಠ ಹೇಳಲು ಅನುಮತಿ ಪಡೆದಾಗ ನನ್ನನ್ನೂ ಜೊತೆಗೆ ಕರೆದೊಯ್ದರು. ಅಲ್ಲಿ ಓದುಬರಹ ಕಲಿತವರು ಅನೇಕರು. ನಾನಿಲ್ಲಿ ಹೇಳಬೇಕಾದದ್ದು ಫುಲ್ಮನಿಯ ವಿಷಯ.

ಅವಳು ಜಾರ್ಖಂಡಿನಿಂದ ಮಲ್ಲಂದೂರು ಕಡೆಯ ತೋಟವೊಂದಕ್ಕೆ ಕಾಫಿ ಕೊಯ್ಯಲು ಬಂದವಳು. ಮನೆಮಾತು ಸಂತಾಲಿ, ಹಿಂದಿಯೂ ಅಷ್ಟಕ್ಕಷ್ಟೆ. ಮೆಣಸಿನ ಮೂಟೆ ಕದ್ದಳೆಂಬ ಆರೋಪವಿತ್ತು. ಪೊಲೀಸರು ಕೇಳಿದ್ದನ್ನೆಲ್ಲ ಒಪ್ಪಿಕೊಂಡಳೆಂದು ದಾಖಲಾಗಿತ್ತು.

ಮೊದಲ ದಿನ ಮೇಡಂ, "ಊಟ ಆಯ್ತಾ?" ಎಂದರು.

"ಹೌದು."

"ಇನ್ನೂ ಆಗಿಲ್ವಾ?"

"ಹೌದು."

ಮೇಡಂ ಗೋಡೆ ತೋರಿಸಿ, "ಇದು ಆನೆಯಾ?" ಎಂದರು. ಅದಕ್ಕೂ ಹೌದು ಎಂದಳು. ಉಳಿದವರು ನಕ್ಕರು. ಮೇಡಂ ನಗಲಿಲ್ಲ.

"ತೋಟದ ಮೇಸ್ತ್ರಿ ಏನಂದ್ರೂ ಹೌದು ಅನ್ನೋದೊಂದೇ ಇವಳಿಗೆ ಗೊತ್ತಿರೋದು, ರಜನಿ. ಅಕ್ಷರ ಆಮೇಲಾಯ್ತು ಮಾರಾಯ್ತಿ, ಮೊದ್ಲು ಇಲ್ಲ ಅನ್ನೋದು ಕಲೀಲಿ," ಎಂದು ನನಗೆ ಹೇಳಿದರು.

ಅಂದಿನಿಂದ ಅವಳ ಪಾಠ "ಅಲ್ಲ", "ಇಲ್ಲ", "ಅರ್ಥ ಆಗ್ಲಿಲ್ಲ". ಮೇಡಂ ತಟ್ಟೆ ಹಿಡಿದು ಚೆಂಬು ಎನ್ನುವುದು, ಅವಳು ಅಲ್ಲವೆನ್ನುವುದು. ದೊಡ್ಡವರ ಮುಖ ನೋಡಿ ಹಾಗೆನ್ನಲು ಅವಳಿಗೆ ಹೆದರಿಕೆ. ಆ ಹೆದರಿಕೆ ಹೋಗಲೆಂದೇ ಮೇಡಂ ಜಡ್ಜ್ ಹಾಗೆ ಸ್ಟೂಲಿನ ಮೇಲೆ ಕುಳಿತು, ಗದರುವ ದನಿಯಲ್ಲಿ ಮತ್ತೆ ಮತ್ತೆ ಕೇಳುತ್ತಿದ್ದರು.

ವಿಚಾರಣೆಯ ದಿನ ಏನಾಯಿತೆಂದು ಮುಂದಿನ ಭಾನುವಾರ ಹೇಳಿದವರು, ಅವಳೊಡನೆ ಹೋಗಿದ್ದ ಜೈಲು ಸಿಬ್ಬಂದಿ ಶಿವಗಂಗಮ್ಮ. "ಜಡ್ಜ್ ಕೇಳಿದ್ರೆ ಅರ್ಥ ಆಗ್ಲಿಲ್ಲ ಸ್ವಾಮಿ ಅಂದ್ಲು ಮೇಡಂ. ಜೋರಾಗಿ ಕೇಳಿದ್ರು, ಆಗ್ಲೂ ಅದನ್ನೇ ಅಂದ್ಲು. ಅವಳ ಭಾಷೆಯವರನ್ನ ಕರೆಸಿ ಅಂತ ಬರೆಸಿದ್ರು."

ಮೇಡಂ ನಲ್ಲಿಯ ಬಳಿ ಹೋಗಿ ಮುಖ ತೊಳೆದು ಬಂದು, ಪಾಠ ಮುಂದುವರಿಸಿದರು.

ದುಭಾಷಿ ಬಂದ ಮೇಲೆ ನಿಜ ತಿಳಿಯಿತು. ತೋಟದ ಲೆಕ್ಕ ಬರೆಯುವ ರೈಟರು ಹೊರಿಸಿದ ಮೂಟೆಯನ್ನು ಅವಳು ಜೀಪಿನವರೆಗೆ ಹೊತ್ತಿದ್ದಳು, ಅಷ್ಟೆ. ಫುಲ್ಮನಿ ಬಿಡುಗಡೆಯಾಗಿ ಊರಿಗೆ ಹೋದಳು.

ಬೀಳ್ಕೊಡುಗೆಯ ದಿನ ನಾವು ವಿಶ್ರಾಂತಿಯ ಮಾತೆತ್ತಿದರೆ ಮೇಡಂ, "ಇನ್ನು ಬುಧವಾರಾನೂ ಬಿಡುವಲ್ವಾ, ಅವತ್ತೂ ಹೋಗ್ಬಹುದು," ಎಂದರು. ಜೈಲಿನವರ ಅನುಮತಿಯೂ ದೊರೆತಿದೆ. ಅವರ ಮಂಡಿನೋವು ಹತೋಟಿಯಲ್ಲಿರಲಿ, ದನಿ ಹೀಗೇ ಗಟ್ಟಿಯಾಗಿರಲಿ. ಅವರ ವಿದ್ಯಾರ್ಥಿನಿಯರು ಬೇಗ ಬೇಗ ಮನೆ ಸೇರಲಿ. ಅವರು ಮಾತ್ರ ಬಹುಕಾಲ ಅಲ್ಲಿಗೆ ಹೋಗಿಬರುತ್ತಿರಲಿ.