ಪೂಜೆಯ ದಿನದ ಗಾಯ

ಆ ಭಾನುವಾರ ಬೆಳಗ್ಗೆ ಯಶವಂತಪುರದ ನಮ್ಮ ವಠಾರದ ಜಗಲಿಯಲ್ಲಿ ನಾವು ನಾಲ್ವರಿದ್ದೆವು. ಗೋಡೆಗೆ ಒರಗಿ ಕೂತವರು ಪಕ್ಕದ ಮನೆಯ ಅಣ್ಣ. ರಕ್ತಸಂಬಂಧವಲ್ಲ, ಕರೆದು ಕರೆದು ಆದ ಸಂಬಂಧ. ಅವರ ಬಲಗೈಗೆ ದಪ್ಪನೆಯ ಬ್ಯಾಂಡೇಜು. ಬಾಗಿಲ ಒಳಗೆ ಅವರ ಹೆಂಡತಿ, ನನಗೆ ಅತ್ತಿಗೆ, ಹುರುಳಿಕಾಯಿ ಸೋಸುತ್ತಿದ್ದರು. ಸ್ಟೂಲಿನ ಮೇಲೆ ಹಿಂದಿನ ಬೀದಿಯ ಚಾಚಾ. ಮನೆಯಲ್ಲಿ ಉರ್ದು ಆಡಿದರೂ ನಮ್ಮೊಡನೆ ಕನ್ನಡವೇ. ಅಣ್ಣನ ಕಾರ್ಖಾನೆಯಲ್ಲೇ ಟರ್ನರ್ ಆಗಿದ್ದು ನಿವೃತ್ತರಾದವರು, ಕಾರ್ಮಿಕ ಸಂಘ ಕಟ್ಟಲು ಓಡಾಡಿದವರು. ನಾಲ್ಕನೆಯವನು ನಾನು; ಹಗಲು ಗುಮಾಸ್ತೆ, ಸಂಜೆ ಕಾನೂನು ಕಾಲೇಜಿನ ವಿದ್ಯಾರ್ಥಿ. ಎಪ್ಪತ್ತರ ದಶಕದ ಕೊನೆಯ ವರ್ಷಗಳವು.

ಅಣ್ಣ ದಾಸರಹಳ್ಳಿ ಕಡೆಯ ಒಂದು ಸಣ್ಣ ಕಾರ್ಖಾನೆಯಲ್ಲಿ ಪ್ರೆಸ್ ನಡೆಸುತ್ತಿದ್ದರು, ತಗಡಿನಿಂದ ಡಬ್ಬಿಯ ಮುಚ್ಚಳ ಒತ್ತುವ ಯಂತ್ರ. ಆಯುಧಪೂಜೆಯ ದಿನ ಅಲ್ಲಿ ರಜ, ಆದರೂ ಯಾರೂ ಮನೆಯಲ್ಲಿ ಉಳಿಯುತ್ತಿರಲಿಲ್ಲ. ತಲೆಗೆ ಎರೆದುಕೊಂಡು, ಇಸ್ತ್ರಿ ಅಂಗಿ ತೊಟ್ಟು ಹೋಗಿ, ಅವರವರ ಯಂತ್ರವನ್ನು ಅವರವರೇ ಒರೆಸಿ, ಕುಂಕುಮವಿಟ್ಟು, ಚೆಂಡುಹೂವಿನ ಹಾರ ಹಾಕುತ್ತಿದ್ದರು. ಮಂಗಳಾರತಿ ಆದ ಮೇಲೆ ಪ್ರತಿ ಯಂತ್ರವನ್ನೂ ಬರಿದೇ ಒಂದು ಗಳಿಗೆ ಓಡಿಸಿ ನಿಲ್ಲಿಸುವುದು ಅಲ್ಲಿಯ ಪದ್ಧತಿ. ಆಮೇಲೆ ಮಾರನೆಯ ದಿನದವರೆಗೆ ಅದನ್ನು ಮುಟ್ಟುವಂತಿಲ್ಲ. ಆ ವರ್ಷ ಮೇಸ್ತ್ರಿ “ಹೂಂ, ಹಾಕು” ಅಂದರು, ಅಣ್ಣ ಸ್ವಿಚ್ ಹಾಕಿದರು. ಹಾರದ ದಾರ ಬೆಲ್ಟಿಗೆ ಸಿಕ್ಕಿಕೊಂಡಿತು. ಪೂಜೆಯ ಹಾರ ಹರಿದರೆ ಅಪಶಕುನವೆಂದು ಅವರು ಬಿಡಿಸಲು ಕೈ ಹಾಕಿದರು. ಬಲಗೈಯಲ್ಲಿ ಹೆಬ್ಬೆರಳೊಂದೇ ಉಳಿಯಿತು.

ಕಾರ್ಮಿಕರ ವಿಮೆಯ ಕಾನೂನಿನಲ್ಲಿ, ಇದು ಕೆಲಸದಲ್ಲಿ ಆದ ಗಾಯ ಎಂದಾದರೆ ಬದುಕಿರುವ ತನಕ ತಿಂಗಳು ತಿಂಗಳು ಹಣ ಬರುತ್ತದೆ. ಅಲ್ಲ ಎಂದಾದರೆ ಕೆಲವು ವಾರ ಕಾಯಿಲೆಯ ಭತ್ಯೆ, ಅಲ್ಲಿಗೆ ಮುಗಿಯಿತು. ಮಾರನೆಯ ದಿನ ಅಣ್ಣ ವಿಮಾ ಕಚೇರಿಯಲ್ಲಿ ಹೇಳಿಕೆ ಕೊಡಬೇಕಿತ್ತು. ಅದಕ್ಕೇ ಚಾಚಾ ಬಂದಿದ್ದು.

“ನೋಡಪ್ಪಾ, ಅವ್ರು ಕೇಳೋದು ಒಂದೇ. ಕೆಲ್ಸ ಮಾಡ್ತಿದ್ಯಾ ಅಂತ. ಹೌದು ಸಾರ್ ಅನ್ನು. ಮೇಸ್ತ್ರಿ ಹಾಕು ಅಂದ್ರು, ಹಾಕ್ದೆ ಅನ್ನು. ಬೇರೆ ಪುರಾಣ ಬೇಡ.”

“ಆಯುಧ ಪೂಜೆಗಿಟ್ಟ ದಿನ ಕೆಲ್ಸ ಮಾಡ್ದೆ ಅಂತ ಹೆಂಗ್ ಹೇಳ್ಲಿ ಚಾಚಾ? ಮಾಡ್ಲಿಲ್ವಲ್ಲ.”

“ಅರೆ, ಮಿಶನ್ ಓಡ್ತಿತ್ತೋ ಇಲ್ವೋ?”

“ಓಡ್ತಿತ್ತು. ಆದ್ರೆ ಅದು ಪೂಜೆ, ಕೆಲ್ಸ ಅಲ್ಲ.”

ಅತ್ತಿಗೆ ತಲೆ ಎತ್ತದೆಯೇ, “ಬೆರಳು ಹೋದ್ರೂ ಮಡಿ ಹೋಗ್ಲಿಲ್ಲ ನೋಡಿ ಇವರ್ದು,” ಎಂದರು.

ಚಾಚಾ ನಕ್ಕರು. “ನಾನು ಸಾಬ್ರೋನು. ಅಷ್ಟು ವರ್ಷ ನಿಮ್ಮ ಪೂಜೇಲಿ ಕಡ್ಲೆಪುರಿ ತಿಂದಿದೀನಿ. ನಿಮ್ಮ ದೇವಿ ಇದಕ್ಕೆಲ್ಲ ಬೇಜಾರ್ ಮಾಡ್ಕೊಳಲ್ಲ, ನಂದು ಗ್ಯಾರಂಟಿ.” ಆಮೇಲೆ ನನ್ನ ಕಡೆ ತಿರುಗಿ, “ಲಾಯರ್ ಸಾಬ್, ನೀವಾದ್ರೂ ಹೇಳ್ರೀ. ನಿಮ್ಮ ಬುಕ್ಕಲ್ಲಿ ಏನೈತೆ?” ಎಂದರು.

ಆ ವಾರವಷ್ಟೇ ತರಗತಿಯಲ್ಲಿ ಸಾಮಾಜಿಕ ಭದ್ರತೆಯ ಕಾನೂನಿನ ಗುರಿ, ಉದ್ದೇಶಗಳ ಪಾಠ ಆಗಿತ್ತು. ಗದ್ದೆ, ಮನೆತನ ಬಿಟ್ಟು ಕಾರ್ಖಾನೆಗೆ ಬಂದವನಿಗೆ ತನ್ನ ಮೈಯೊಂದೇ ಆಸ್ತಿ. ಆ ಮೈ ಸೋತಾಗ ಭಾರವನ್ನು ಎಲ್ಲರೂ ಹಂಚಿಕೊಳ್ಳಬೇಕು. ಅದು ದಾನವಲ್ಲ, ಹಕ್ಕು. ಹೀಗೆಲ್ಲ ಹೇಳಿದೆ. ಅಣ್ಣ ಗಮನವಿಟ್ಟು ಕೇಳಿಸಿಕೊಂಡರು.

“ಅಷ್ಟು ಒಳ್ಳೆ ಕಾನೂನು ಸುಳ್ಳು ಹೇಳು ಅನ್ನುತ್ತಾ?”

“ಸುಳ್ಳಲ್ಲ ಅಣ್ಣ. ಎಲ್ರೂ ಬರ್ಬೇಕು ಅಂತ ಮೇಸ್ತ್ರಿ ಹೇಳಿದ್ರು ತಾನೇ? ಅಷ್ಟು ಹೇಳಿದ್ರೂ ಸಾಕು.”

“ಹೇಳಿದ್ರು. ಹೇಳ್ದೆ ಇದ್ರೂ ಹೋಗ್ತಿದ್ದೆ.”

ಚಾಚಾ ಹಣೆಗೆ ಕೈ ಹಚ್ಚಿಕೊಂಡರು.

ಮಾರನೆಯ ದಿನ ನಾನೂ ಜೊತೆಗೆ ಹೋದೆ. ಅಧಿಕಾರಿ ಕೆಟ್ಟವರಲ್ಲ. ಕುರ್ಚಿ ಹಾಕಿಸಿದರು, ಕೈ ನೋವು ಹೇಗಿದೆ ಎಂದು ವಿಚಾರಿಸಿದರು. ಆಮೇಲೆ, “ಅವತ್ತು ಕೆಲ್ಸಕ್ಕೆ ಹೋಗಿದ್ರಾ?” ಎಂದರು.

“ಇಲ್ಲ ಸಾರ್, ಪೂಜೆಗೆ.”

ಅವರು ಪೆನ್ನು ಮೇಲೆತ್ತಿ ಹಿಡಿದು, ಬೇರೆ ಉತ್ತರ ಬರಲಿ ಎಂಬಂತೆ ಇನ್ನೊಮ್ಮೆ ಕೇಳಿದರು. “ಬರೋಕೆ ಯಾರಾದ್ರೂ ಹೇಳಿದ್ರಾ?”

“ಹೇಳ್ಬೇಕಾ ಸಾರ್? ಅದು ನನ್ನ ಮಿಶನ್ನು.”

ನಮ್ಮಜ್ಜಿ ಇಂಥವರನ್ನು ಒಂದೇ ನಾಲಿಗೆಯ ಮನುಷ್ಯ ಎನ್ನುತ್ತಿದ್ದಳು. ಹೊಗಳಿಕೆಯೋ ಮರುಕವೋ ತಿಳಿಯದಂತೆ ಹೇಳುತ್ತಿದ್ದಳು.

ಮಾಲೀಕರೂ ಅದನ್ನೇ ಹೇಳಿದರಂತೆ: ನಾವು ಯಾರನ್ನೂ ಕರೆದಿರಲಿಲ್ಲ, ಭಕ್ತಿಯಿಂದ ಬಂದಿದ್ದರು. ಅರ್ಜಿ ತಿರಸ್ಕೃತವಾಯಿತು. ಎಲ್ಲಿ ಆಯಿತು, ಯಾವ ದಿನ ಆಯಿತು, ಯಾರು ಹೇಳಿದ್ದಕ್ಕೆ ಆಯಿತು ಎಂದು ಕಾನೂನು ಕೇಳಿತು. ನಾಳೆ ಒಲೆ ಹತ್ತಿಸುವುದು ಹೇಗೆಂದು ಕೇಳಲಿಲ್ಲ. ಪಾಠದಲ್ಲಿ ಅಷ್ಟು ಚೆಂದವಾಗಿ ಹೇಳಿಸಿಕೊಂಡ ಉದ್ದೇಶ ಕಚೇರಿಯ ಮೇಜಿನ ತನಕ ನಡೆದು ಬರುವಷ್ಟರಲ್ಲಿ ದಣಿದುಹೋಗಿತ್ತು. ಬೇಲಿಯಿಲ್ಲದೆ ಯಾವ ಕಾನೂನೂ ನಿಲ್ಲದು, ಒಪ್ಪಿದೆ. ಬೇಲಿಯ ಆಚೆ ನಿಂತವರು ನಮ್ಮವರಾಗಿದ್ದರು, ಅಷ್ಟೇ.

ಚಾಚಾ ಬಿಡಲಿಲ್ಲ. ನಮ್ಮ ಕಾಲೇಜಿನ ಮೇಷ್ಟರನ್ನು ಕೇಳಿದಾಗ ಅವರೂ ಧೈರ್ಯ ಕೊಟ್ಟರು. ಯಂತ್ರ ಮಾಲೀಕರದು, ಹಾಕು ಎಂದವರು ಮೇಸ್ತ್ರಿ, ಪ್ರತಿವರ್ಷದ ರೂಢಿ. ಅಪೀಲು ನಿಲ್ಲುತ್ತದೆ ಎಂದರು. ಅಪೀಲು ಹಾಕಿದೆವು. ಮೇಸ್ತ್ರಿಯನ್ನು ಸಾಕ್ಷಿಗೆ ಕರೆಸಬೇಕಿತ್ತು. ಕರೆಸಿದರೆ ಕಾನೂನಿನಂತೆ ಮಾಲೀಕರು ಬೆಲ್ಟಿಗೆ ಹಾಕಿಸಬೇಕಿದ್ದ ಮುಚ್ಚುಗೆ ಇರಲಿಲ್ಲವೆಂಬ ಸಂಗತಿಯೂ ಹೊರಬರುತ್ತಿತ್ತು.

ಮಾಲೀಕರು ಮನೆಗೆ ಬಂದದ್ದು ಆಗ. ಸೇಬು, ಮೂಸಂಬಿ ತಂದಿದ್ದರು. ಅಣ್ಣನ ಹೆಗಲ ಮೇಲೆ ಕೈಯಿಟ್ಟು ಬಹಳ ಹೊತ್ತು ಕೂತರು. ಅವರ ಕಣ್ಣು ತುಂಬಿದ್ದನ್ನು ನಾನೇ ನೋಡಿದೆ, ನಾಟಕವಲ್ಲ. ಏಳುವಾಗ ಅತ್ತಿಗೆಗೆ ಹೇಳಿದರು: “ಕೇಸು ಗೀಸು ಯಾಕಮ್ಮಾ, ನಾನಿಲ್ವಾ? ಪ್ಯಾಕಿಂಗಿಗೆ ಒಬ್ರು ಬೇಕಾಗಿದ್ದಾರೆ. ನೀನೇ ಬಾ.”

ಪರೀಕ್ಷೆಯಲ್ಲಿ ಆ ಕಾನೂನಿನ ಗುರಿಯೇನೆಂಬ ಪ್ರಶ್ನೆಗೆ ನಾನು ಪುಟಗಟ್ಟಲೆ ಬರೆದೆ. ಇಂದು ಯಾರಾದರೂ ಕೇಳಿದರೆ ಒಂದೇ ಮಾತು ಹೇಳಿಯೇನು: ‘ನಾನಿಲ್ವಾ’ ಎಂಬ ಮಾತನ್ನು ಯಾರೂ ಯಾರಿಂದಲೂ ಕೇಳಿಸಿಕೊಳ್ಳಬೇಕಾಗಿ ಬರಬಾರದು.

ಅವತ್ತು ಮಾಲೀಕರು ಹೋದ ಮೇಲೆ ಚಾಚಾ ಬಂದು, “ಸ್ವಲ್ಪ ತಡ್ಕೊಳಮ್ಮಾ, ಗೆಲ್ತೀವಿ,” ಎಂದರು.

“ಎಷ್ಟು ದಿನ ಚಾಚಾ?” ಎಂದರು ಅತ್ತಿಗೆ.

ಚಾಚಾ ನನ್ನನ್ನು ನೋಡಿದರು. “ವರ್ಷಗಳೇ ಹಿಡೀಬಹುದು ಅತ್ತಿಗೆ,” ಎಂದೆ. ಅಣ್ಣ ಎಡಗೈಯಲ್ಲಿ ಮೂಸಂಬಿ ಸುಲಿಯಲು ಹೆಣಗುತ್ತಿದ್ದರು.

ಸಂಕ್ರಾಂತಿ ಕಳೆದ ವಾರ ಅತ್ತಿಗೆ ಪ್ಯಾಕಿಂಗ್ ಕೆಲಸಕ್ಕೆ ಸೇರಿದರು. ಅದೇ ತಿಂಗಳು ಅಣ್ಣ ನನ್ನನ್ನು ಜೊತೆಗೆ ಕರೆದುಕೊಂಡು ಹೋಗಿ ಅಪೀಲು ವಾಪಸು ತೆಗೆದುಕೊಂಡರು.